ಕಿವಿಗೆ ಮಶೀನು ಬಂದರೆ ಮನೆಮಾತು ಬಿಡಬೇಕೇ?



ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಸೋಲಾಪುರ, ಅಕ್ಕಲಕೋಟೆ ಭಾಗದ ಕೆಲವು ಮನೆಗಳಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಶಸ್ತ್ರಚಿಕಿತ್ಸೆ ಆಗಿದೆ. ಕಾಕ್ಲಿಯರ್ ಇಂಪ್ಲಾಂಟ್ ಕೂಡಿಸಿದ್ದಾರೆ. ಕರೆದರೆ ಮಗು ಈಗ ತಿರುಗಿ ನೋಡುತ್ತದೆ. ಇನ್ನು ಅದನ್ನು ಯಾವ ಶಾಲೆಗೆ ಹಾಕಬೇಕು? ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕನ್ನಡದ ಜೊತೆ ಮರಾಠಿ, ದವಾಖಾನೆಯಲ್ಲಿ ಬರೀ ಮರಾಠಿ. ‘ಎರಡು ಭಾಷೆಯಾದರೆ ಮಗುವಿಗೆ ಗೊಂದಲ, ಮನೆಯಲ್ಲೂ ಮರಾಠಿಯನ್ನೇ ಆಡಿರಿ’ ಎಂದು ಒಬ್ಬರು ಹೇಳುತ್ತಾರೆ. ‘ಹೇಗೂ ಕಷ್ಟಪಡಬೇಕು, ಇಂಗ್ಲಿಷ್ ಶಾಲೆಗೇ ಹಾಕಿರಿ’ ಎಂದು ಇನ್ನೊಬ್ಬರು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಯಾವ ಭಾಷೆಯಲ್ಲಿ ಮಗುವನ್ನು ಮುದ್ದಿಸುತ್ತೀರೋ, ಗದರುತ್ತೀರೋ, ಕತೆ ಹೇಳುತ್ತೀರೋ, ಆ ಭಾಷೆಯಲ್ಲೇ ಅದು ಮೊದಲು ಮಾತು ಕಲಿಯಲಿ. ಕನ್ನಡ ಮನೆಯ ಮಗುವಿಗೆ ಅದು ಕನ್ನಡ. ಆದರೆ ಈ ಮಾತು ನಿಜವಾಗಬೇಕಾದರೆ ಮನೆಯೂ ಕನ್ನಡ ಶಾಲೆಯೂ ಕೆಲವು ಕೆಲಸಗಳನ್ನು ಮಾಡಲೇಬೇಕು. ಅವನ್ನು ಬಿಟ್ಟು ಬರೀ ಭಾಷಾಭಿಮಾನದಿಂದ ಮಗುವಿಗೆ ಉಪಕಾರವಾಗದು.

ಮೊದಲು ಸಾಧನವನ್ನು ತಿಳಿದುಕೊಳ್ಳೋಣ. ಸಾಮಾನ್ಯ ಶ್ರವಣ ಸಾಧನ ಧ್ವನಿಯನ್ನು ದೊಡ್ಡದು ಮಾಡಿ ಕಿವಿಗೆ ಕೊಡುತ್ತದೆ. ಇಂಪ್ಲಾಂಟ್ ಹಾಗಲ್ಲ. ಕಿವಿಯ ಹಿಂದೆ ಕೂಡುವ ಪ್ರೊಸೆಸರ್ ಧ್ವನಿಯನ್ನು ಹಿಡಿಯುತ್ತದೆ. ತಲೆಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಬಿಲ್ಲೆ ಅದನ್ನು ಚರ್ಮದ ಒಳಗಿನ ಭಾಗಕ್ಕೆ ದಾಟಿಸುತ್ತದೆ. ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಇರಿಸಿದ ಎಲೆಕ್ಟ್ರೋಡುಗಳು ನೇರವಾಗಿ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತವೆ. ಆರೋಗ್ಯವಂತ ಕಿವಿಯಲ್ಲಿ ಸಾವಿರಾರು ಸೂಕ್ಷ್ಮ ರೋಮಕೋಶಗಳು ಮಾಡುವ ಕೆಲಸವನ್ನು ಇಲ್ಲಿ 12ರಿಂದ 22 ಎಲೆಕ್ಟ್ರೋಡುಗಳು ಮಾಡಬೇಕು. ಆದ್ದರಿಂದ ಮಗುವಿಗೆ ಕೇಳುವುದು ನಮಗೆ ಕೇಳುವಂತೆ ಇರುವುದಿಲ್ಲ. ಆ ಸಂಕೇತಗಳಿಗೆ ಅರ್ಥ ಹಚ್ಚುವುದನ್ನು ಮಿದುಳು ಕಲಿಯಬೇಕು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ, ಮಾತು ಕಲಿಸುವುದು ವರ್ಷಗಳ ಕೆಲಸ.

ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ. ಶಬ್ದವನ್ನೇ ಕಾಣದ ಮಿದುಳಿನ ಭಾಗ ಬಹಳ ದಿನ ಕಾಯುವುದಿಲ್ಲ. ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಲ್ಲಿ ಫಲ ಚೆನ್ನಾಗಿರುತ್ತದೆ, ಏಳು ವರ್ಷ ದಾಟಿದ ಮೇಲೆ ಬಹಳ ಕಡಿಮೆಯಾಗುತ್ತದೆ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಹಿರಿಯರು ಸಮಾಧಾನ ಹೇಳುವ ಆ ಎರಡು ವರ್ಷಗಳೇ ಅತಿ ಬೆಲೆಯುಳ್ಳ ವರ್ಷಗಳು. ಸೋದರಿಕೆಯ ಲಗ್ನಗಳು ನಮ್ಮಲ್ಲಿ ಹೆಚ್ಚು. ಅಂಥ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆಯೂ ಹೆಚ್ಚು. ಇದರಲ್ಲಿ ತಾಯಿಯನ್ನು ದೂರುವಂಥದ್ದೇನಿಲ್ಲ, ಕೂಸಿನ ಕಿವಿಯನ್ನು ಬೇಗ ಪರೀಕ್ಷಿಸಬೇಕು ಅಷ್ಟೆ.

ಶಾಲೆಗೆ ಸೇರಿಸುವಾಗ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿರಿ. ಮೂರನೆಯ ವಯಸ್ಸಿನಲ್ಲಿ ಮಶೀನು ಚಾಲೂ ಆದ ಮಗುವಿಗೆ ಆರು ತುಂಬಿದಾಗ ಅದರ ‘ಕೇಳುವ ವಯಸ್ಸು’ ಬರೀ ಮೂರು. ಪಕ್ಕದ ಮನೆಯ ಆರು ವರ್ಷದ ಹುಡುಗನೊಂದಿಗೆ ಅದನ್ನು ಹೋಲಿಸಿ ಕಣ್ಣೀರು ಹಾಕಬೇಡಿರಿ. ಮೂರು ವರ್ಷದ ಕೂಸು ಎಷ್ಟು ಮಾತಾಡುತ್ತದೆ, ಅದರೊಂದಿಗೆ ಹೋಲಿಸಿರಿ.

ಈಗ ಭಾಷೆಯ ಮಾತು. ಇಂಪ್ಲಾಂಟ್ ಇರುವ ಮಕ್ಕಳು ಎರಡು ಭಾಷೆ ಕಲಿಯಬಲ್ಲರು ಎಂಬುದನ್ನು ಹಲವು ದೇಶಗಳ ಅನುಭವ ತೋರಿಸಿದೆ. ಮನೆಮಾತನ್ನು ಬಿಟ್ಟರೆ ಇನ್ನೊಂದು ಭಾಷೆ ಬೇಗ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಗುವಿಗೆ ಬೇಕಾದದ್ದು ದಿನವಿಡೀ ಕಿವಿಗೆ ಬೀಳುವ ತುಂಬು ಮಾತು. ಸರಿಯಾಗಿ ಬಾರದ ಮರಾಠಿಯಲ್ಲಿ ತಾಯಿ ‘ಇಕಡೆ ಯೇ’, ‘ಬಸ್’ ಎಂದು ನಾಲ್ಕು ಪದ ಆಡಿದರೆ ಮಗುವಿಗೆ ಸಿಗುವುದು ನಾಲ್ಕೇ ಪದ. ಅದೇ ತಾಯಿ ಬೀಡಿ ಕಟ್ಟುತ್ತಲೋ ರೊಟ್ಟಿ ಬಡಿಯುತ್ತಲೋ ಕನ್ನಡದಲ್ಲಿ ಮಾತಾಡಿದರೆ ನೂರು ವಾಕ್ಯ ಸಿಗುತ್ತವೆ. ಮಾತಿನ ತರಬೇತಿ ಕೊಡುವವರು ಮರಾಠಿಯವರಾಗಿದ್ದರೆ ಕಲಿಸುವ ಪದ್ಧತಿಯನ್ನು ಅವರಿಂದ ಮರಾಠಿಯಲ್ಲೇ ಕೇಳಿ ತಿಳಿಯಿರಿ, ಮನೆಗೆ ಬಂದು ಅದನ್ನು ಕನ್ನಡದಲ್ಲಿ ಮಾಡಿರಿ. ನಮ್ಮ ಸೋಲಾಪುರದ ಕನ್ನಡದಲ್ಲಿ ಮರಾಠಿ ಪದ ಬೆರೆತಿದ್ದರೂ ಚಿಂತೆಯಿಲ್ಲ. ಬಾಲಭಾರತಿಯ ಪುಸ್ತಕದ ಕನ್ನಡ ಆಮೇಲೆ ಬರಲಿ, ಮೊದಲು ಅಜ್ಜಿಯ ಕನ್ನಡ ಬರಲಿ.

ಈ ಮಕ್ಕಳಿಗೆ ಕನ್ನಡದಲ್ಲಿ ಒಂದು ತೊಡಕು ಇದೆ, ಒಂದು ಅನುಕೂಲವೂ ಇದೆ. ತೊಡಕು ಪದದ ಕೊನೆಯಲ್ಲಿ. ಬಂದ, ಬಂದಳು, ಬಂದರು. ಮನೆಗೆ, ಮನೆಯಲ್ಲಿ, ಮನೆಯಿಂದ. ಅರ್ಥದ ಅರ್ಧ ಭಾರ ಕೊನೆಯ ಅಕ್ಷರಗಳ ಮೇಲಿದೆ. ನಾವೋ ಮಾತಾಡುವಾಗ ಕೊನೆಯನ್ನು ನುಂಗಿಬಿಡುತ್ತೇವೆ. ಈ ಮಗುವಿನ ಮುಂದೆ ಕೊನೆಯನ್ನು ನುಂಗಬಾರದು. ಕೂಗುವುದೂ ಬೇಡ, ಕೂಗಿದರೆ ಧ್ವನಿ ಕೆಡುತ್ತದೆ. ನಿಧಾನವಾಗಿ, ಪೂರ್ತಿ ವಾಕ್ಯದಲ್ಲಿ ಆಡಿದರೆ ಸಾಕು. ಅನುಕೂಲ ಇರುವುದು ಲಿಪಿಯಲ್ಲಿ. ನಾನು ಕನ್ನಡದಲ್ಲೂ ತಮಿಳಿನಲ್ಲೂ ಶಾಲೆ ಕಲಿತವನು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಯಾವುದೆಂದು ಕಿವಿಯೇ ತಿಳಿಯಬೇಕು. ಕನ್ನಡದಲ್ಲಿ ಬೇರೆ ಬೇರೆ ಅಕ್ಷರಗಳಿವೆ. ಹ್ರಸ್ವ, ದೀರ್ಘ ಕೂಡ ಕಣ್ಣಿಗೆ ಕಾಣುತ್ತವೆ. ಕಿವಿ ಹಿಡಿಯದ ಭೇದವನ್ನು ಕಣ್ಣು ಹಿಡಿಯುತ್ತದೆ. ಆದ್ದರಿಂದ ಈ ಮಕ್ಕಳಿಗೆ ಓದುವುದನ್ನು ಬೇಗ ರೂಢಿ ಮಾಡಿಸಿರಿ.

ಚೆನ್ನೈಯ ಬಾಲ ವಿದ್ಯಾಲಯ 1969ರಿಂದ ಕಿವಿ ಕೇಳದ ಎಳೆಯ ಮಕ್ಕಳಿಗೆ ಮಾತು ಕಲಿಸುತ್ತಿದೆ. ಅಲ್ಲಿ ಮಗುವಿನ ಜೊತೆ ತಾಯಿಯೋ ತಂದೆಯೋ ಕೂತು ಕಲಿಯಬೇಕು. ಮೊದಲ ಗುರು ಮನೆಯವರೇ ಎಂಬ ಆ ತತ್ವ ನಮಗೂ ಬೇಕು.

ದಿನನಿತ್ಯದ ಆರೈಕೆಯನ್ನು ಒಂದೊಂದಾಗಿ ಹೇಳುತ್ತೇನೆ. ಮುಂಜಾನೆ ಎದ್ದ ಕೂಡಲೇ ಮಶೀನು ಹಾಕಿರಿ, ಮಲಗುವವರೆಗೂ ಇರಲಿ. ಶಾಲೆಗೆ ಮಾತ್ರ, ಬೀಗರು ಬಂದಾಗ ಮಾತ್ರ ಎಂದರೆ ಮಿದುಳು ಕಲಿಯುವುದಿಲ್ಲ. ಹಾಕಿದ ಮೇಲೆ ಬಾಯಿಯನ್ನು ಮರೆಮಾಡಿ ಆರು ಧ್ವನಿ ಆಡಿರಿ: ಆ, ಊ, ಈ, ಶ್, ಸ್, ಮ್. ಕೇಳಿದ್ದನ್ನು ಮಗು ತಿರುಗಿ ಹೇಳಲಿ, ಹೇಳಲು ಬಾರದಿದ್ದರೆ ಕೈ ಎತ್ತಲಿ. ದಪ್ಪ ಧ್ವನಿಯಿಂದ ಸಣ್ಣ ಧ್ವನಿಯವರೆಗೆ ಮಾತಿನ ಎಲ್ಲ ಮಜಲು ಈ ಆರರಲ್ಲಿವೆ. ನಿನ್ನೆ ಕೇಳಿದ ‘ಸ್’ ಇಂದು ಕೇಳದಿದ್ದರೆ ಸೆಲ್ಲು, ವಾಯರು, ಬಿಲ್ಲೆ ನೋಡಿರಿ. ಆಗಲೂ ಸರಿಯಾಗದಿದ್ದರೆ ಆಡಿಯಾಲಜಿಸ್ಟರನ್ನು ಕಾಣಿರಿ. ಅವರು ಕಾಲಕಾಲಕ್ಕೆ ಮಾಡುವ ಮ್ಯಾಪಿಂಗ್ ಅನ್ನು ಸುಗ್ಗಿ, ಲಗ್ನ ಎಂದು ಮುಂದೂಡಬೇಡಿರಿ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೆವರು ಮಶೀನಿನ ಶತ್ರು. ರಾತ್ರಿ ಒಣ ಬಟ್ಟೆಯಿಂದ ಒರೆಸಿ, ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿ ಇಡಿರಿ. ಸ್ನಾನಕ್ಕೆ ಹೊರಗಿನ ಭಾಗ ತೆಗೆಯಿರಿ. ಉದ್ಯಾನದ ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಅಲ್ಲಿಯೂ ತೆಗೆಯುವುದು ಒಳ್ಳೆಯದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲಕ್ಕೆ ಹೋಗುವಾಗ ಮಶೀನನ್ನು ದಾರದಿಂದ ಅಂಗಿಗೆ ಕ್ಲಿಪ್ ಮಾಡಿರಿ, ಅಲ್ಲಿ ಬಿದ್ದರೆ ಸಿಗದು. ತಲೆಗೆ ಪೆಟ್ಟು ಬೀಳುವ ಆಟ ಬೇಡ. ಕಿವಿಯಲ್ಲಿ ಕೀವು, ಜ್ವರ, ಕುತ್ತಿಗೆ ಸೆಟೆದರೆ ಮನೆಮದ್ದು ಬೇಡ, ತಕ್ಷಣ ದವಾಖಾನೆಗೆ ಹೋಗಿರಿ. ಈ ಮಕ್ಕಳಿಗೆ ಮಿದುಳುಪೊರೆಯ ಸೋಂಕಿನ ಅಪಾಯ ಇತರರಿಗಿಂತ ಹೆಚ್ಚು. ನ್ಯೂಮೋಕಾಕಲ್ ಲಸಿಕೆ ಆಗಿದೆಯೇ ಎಂದು ಕಾರ್ಡು ನೋಡಿರಿ. ಯಾವ ಕಾರಣಕ್ಕೇ ಆಗಲಿ ಎಂಆರ್‌ಐ ಮಾಡಿಸಲು ಹೇಳಿದರೆ ತಲೆಯೊಳಗೆ ಅಯಸ್ಕಾಂತ ಇದೆಯೆಂದು ಮೊದಲೇ ತಿಳಿಸಿರಿ.

ಇನ್ನು ಶಾಲೆ. ನಮ್ಮ ಅನೇಕ ಕನ್ನಡ ಶಾಲೆಗಳಲ್ಲಿ ಎರಡು ತರಗತಿ ಒಂದೇ ಕೋಣೆಯಲ್ಲಿ, ಮೇಲೆ ಪತ್ರಾಸು, ಪಕ್ಕದಲ್ಲಿ ರಸ್ತೆ. ಗದ್ದಲದಲ್ಲಿ ಮಾತನ್ನು ಬೇರ್ಪಡಿಸುವುದೇ ಈ ಮಗುವಿಗೆ ಅತಿ ಕಷ್ಟ. ಆದ್ದರಿಂದ ಗುರುಗಳಲ್ಲಿ ಇಷ್ಟು ಕೇಳಿಕೊಳ್ಳಿರಿ: ಮಶೀನು ಇರುವ ಕಿವಿ ಗುರುಗಳ ಕಡೆ ಬರುವಂತೆ ಮುಂದೆ ಕೂಡಿಸಬೇಕು, ಫಲಕದ ಕಡೆ ಮುಖ ಮಾಡಿ ಪಾಠ ಹೇಳಬಾರದು, ಹಿಂದಿನ ಸಾಲಿನ ಹುಡುಗ ಕೊಟ್ಟ ಉತ್ತರವನ್ನು ತಾವು ಒಮ್ಮೆ ತಿರುಗಿ ಹೇಳಬೇಕು, ‘ತಿಳಿಯಿತೇ’ ಎಂದು ಕೇಳದೆ ‘ಏನು ತಿಳಿಯಿತು’ ಎಂದು ಕೇಳಬೇಕು. ತಿಳಿಯಿತೇ ಎಂದರೆ ಎಲ್ಲ ಮಕ್ಕಳೂ ಹೂಂ ಎನ್ನುತ್ತವೆ. ಇದಾವುದಕ್ಕೂ ಅನುದಾನ ಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಆ ಸಭೆಯಲ್ಲಿ ಈ ಮಾತು ಎತ್ತಿರಿ.

ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದನ್ನೂ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಕೊಡುವುದನ್ನೂ ಹೇಳುತ್ತದೆ. 2020ರ ಕಾಯ್ದೆಯ ನಂತರ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿರುವುದರಿಂದ ಕನ್ನಡ ಶಾಲೆಯ ಮಗುವಿನ ಮೇಲೆ ಭಾಷೆಗಳ ಹೊರೆ ಹೆಚ್ಚು. ಆ ಹೊರೆ ಇಳಿಸಬೇಕೆಂದು ಮೊದಲ ಭಾಷೆಯಾದ ಕನ್ನಡವನ್ನು ಬಿಡುವ ಅಗತ್ಯವಿಲ್ಲ ಎಂಬುದನ್ನು ಗಮನಿಸಿರಿ. ಆದರೆ ವಿನಾಯಿತಿ ಒಂದು ಸೌಲಭ್ಯ, ಕಡ್ಡಾಯವಲ್ಲ. ನಾಳೆ ಈ ಮಗು ಸೋಲಾಪುರದ ಪೇಟೆಯಲ್ಲಿ ಬದುಕಬೇಕು. ಅದಕ್ಕೆ ಮರಾಠಿಯೂ ಬೇಕು. ಕನ್ನಡ ಗಟ್ಟಿಯಾದ ಮೇಲೆ ಆಡುವ ಮರಾಠಿಯನ್ನು ನಿಧಾನವಾಗಿ ಕಲಿಸಿರಿ, ಅಂಕಗಳ ಚಿಂತೆ ಬೇಡ.

ಗಡಿಯವರಿಗೆ ಇನ್ನೊಂದು ಎಚ್ಚರಿಕೆ. ರಾಜ್ಯಗಳ ಯೋಜನೆಗಳು ವಾಸದ ದಾಖಲೆಯ ಮೇಲೆ ನಡೆಯುತ್ತವೆ. ಇಂಡಿ, ಆಳಂದದ ನಂಟರಿಗೆ ಸಿಕ್ಕ ಕರ್ನಾಟಕದ ಸೌಲಭ್ಯ ಅಕ್ಕಲಕೋಟೆಯ ನಿಮಗೆ ಸಿಗಲಿಕ್ಕಿಲ್ಲ. ಅದಕ್ಕಾಗಿ ಅಲೆದು ತಿಂಗಳು ಕಳೆಯಬೇಡಿರಿ. ಕೇಂದ್ರದ ಎಡಿಪ್ ಯೋಜನೆ ಎಲ್ಲ ರಾಜ್ಯಗಳಿಗೂ ಇದೆ. ಹುಟ್ಟಿನಿಂದ ಕೇಳದ, 1ರಿಂದ 5 ವರ್ಷದೊಳಗಿನ ಮಕ್ಕಳಿಗೆ ಅದರಲ್ಲಿ ಇಂಪ್ಲಾಂಟ್ ದೊರೆಯುತ್ತದೆ. ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಅಂಗನವಾಡಿಗೂ ಶಾಲೆಗೂ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಕಿವುಡನ್ನು ಗುರುತಿಸಿ ಮುಂದಕ್ಕೆ ಕಳಿಸಬೇಕು. ಕನ್ನಡದಲ್ಲೇ ಪರೀಕ್ಷೆ, ಸಲಹೆ ಬೇಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದು ಕೇಂದ್ರದ ಸಂಸ್ಥೆ. ಸೋಲಾಪುರದಿಂದ ಮೈಸೂರಿಗೆ ಗೋಲಗುಂಬಜ್ ರೈಲೂ ಇದೆ.

ಕೊನೆಗೆ ಎರಡು ಕಹಿ ಮಾತು. ಎಲ್ಲ ಮಕ್ಕಳಿಗೂ ಇಂಪ್ಲಾಂಟಿನಿಂದ ಒಂದೇ ಫಲ ಸಿಗುವುದಿಲ್ಲ. ಶ್ರಮಪಟ್ಟರೂ ಮಾತು ಬಾರದ ಮಗುವಿಗೆ ಸಂಜ್ಞಾಭಾಷೆ ಕಲಿಸುವುದು ಸೋಲಲ್ಲ. ಭಾಷೆಯೇ ಇಲ್ಲದೆ ಮಗು ಬೆಳೆಯುವುದು ನಿಜವಾದ ಸೋಲು. ಎರಡನೆಯದು ನಮ್ಮ ಶಾಲೆಗಳಿಗೆ. ಪಟಸಂಖ್ಯೆ ಇಳಿಯುತ್ತಿದೆಯೆಂದು ಇಂಥ ಮಗುವನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು ಮೂಲೆಯಲ್ಲಿ ಕೂಡಿಸುವ ಶಾಲೆ ಕನ್ನಡದ ಹೆಸರು ಹೇಳಲು ಅರ್ಹವಲ್ಲ. ಅಂಥ ಕಡೆಯಿಂದ ಮಗುವನ್ನು ತೆಗೆದು, ಅದರ ಮಾತು ಕೇಳಿಸಿಕೊಳ್ಳುವ ಶಾಲೆಗೆ ಹಾಕಿದರೆ ನಾನು ನಿಮ್ಮನ್ನು ದೂರುವುದಿಲ್ಲ. ಆದರೆ ಮೊದಲು ಕೇಳಿರಿ. ಮುಂದಿನ ಪಾಲಕರ ಸಭೆಗೆ ಮಗುವಿನ ಮಶೀನನ್ನೂ ಈ ಪುಟವನ್ನೂ ತೆಗೆದುಕೊಂಡು ಹೋಗಿರಿ. ಆ ಆರು ಧ್ವನಿಗಳನ್ನು ಗುರುಗಳ ಮುಂದೆ ಆಡಿ ತೋರಿಸಿರಿ. ದಿನಾ ಮುಂಜಾನೆ ಪ್ರಾರ್ಥನೆಗೆ ಮೊದಲು ಒಂದು ನಿಮಿಷ ಅದನ್ನು ನೋಡಿಕೊಳ್ಳಲು ಒಪ್ಪುವ ಗುರುಗಳು ನಮ್ಮ ಶಾಲೆಗಳಲ್ಲಿ ಇದ್ದಾರೆ.