ಸಂತೆ ಮುಗಿಯೋ ಹೊತ್ತಿನ ಉಪ್ಸಾರು

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿದೆಯಲ್ಲವೇ ಗೆಳತಿಯರೇ? 2021ರ ಮೇ ಲಾಕ್‌ಡೌನ್‌ನಲ್ಲಿ ಕೋಲಾರದ ರೈತರು ಅದೇ ಹಣ್ಣನ್ನು ರಸ್ತೆಬದಿಗೆ ಸುರಿದಿದ್ದರು. ಇಟ್ಟರೆ ಕೆಡುವ ಮಾಲಿನ ಹಣೆಬರಹವೇ ಇದು. ನಮ್ಮ ಹೊಳೆನರಸೀಪುರದ ಕಡೆ ಸಂತೆಗಳಲ್ಲಿ ಕತ್ತಲಾಗುತ್ತಲೇ ಸೊಪ್ಪಿನ ಬೆಲೆ ಇಳಿಯುವುದೂ ಅದಕ್ಕೇ. ವಾಪಸ್ ಹೊತ್ತೊಯ್ದರೆ ಆಟೋ ಬಾಡಿಗೆಯೂ ಹುಟ್ಟೋಲ್ಲ. ಆಗ ಹೋಗಿ, ಅಂದಿನ ರಾತ್ರಿಗೆ ಬೇಕಾದಷ್ಟೇ ತನ್ನಿ. ಫ್ರಿಜ್ಜಿನಲ್ಲಿ ಕೊಳೆತರೆ ಅಗ್ಗವೇನು ಬಂತು? ಇಳಿದ ಬೆಲೆಗೂ ಚೌಕಾಸಿ ಮಾತ್ರ ಬೇಡ, ನಷ್ಟವಾಗೋದು ಸೊಪ್ಪಿನಮ್ಮನಿಗೇ.

ದಂಟಿನ ಸೊಪ್ಪು, ಹಿಡಿ ತೊಗರಿಬೇಳೆ ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ರುಬ್ಬಿದರೆ ಖಾರ. ಟೊಮೆಟೊ ಬೇಕೇ ಇಲ್ಲ! ಅರ್ಧ ಗಂಟೆಯಲ್ಲಿ ಮುದ್ದೆ, ಉಪ್ಸಾರು ರೆಡಿ. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವೂ ಆಯ್ತು.