ಉಪ್ಪು ಕಡಿಮೆ ಮಾಡಬೇಕಾದದ್ದು ಎಲ್ಲಿ?

ಗೂಳೂರಿಗೂ ಸಮುದ್ರಕ್ಕೂ ನಡುವೆ ಪಶ್ಚಿಮ ಘಟ್ಟವೇ ಅಡ್ಡ ನಿಂತಿದೆ. ಆದರೂ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಬಂಗುಡೆ, ಸೀಗಡಿಗಳ ರುಚಿ ಹೊಸದಲ್ಲ. ಐಸ್ ಪೆಟ್ಟಿಗೆಯ ಲಾರಿಗಳು ಬರುವುದಕ್ಕೆ ಮುಂಚೆ ಈ ರುಚಿಯನ್ನು ಘಟ್ಟ ಹತ್ತಿಸಿದ್ದು ಉಪ್ಪು ಮತ್ತು ಬಿಸಿಲು.

ರಕ್ತದೊತ್ತಡದ ಭಯದಿಂದ ಈಗ ಮನೆಮನೆಯಲ್ಲೂ ಉಪ್ಪು ಕಡಿಮೆ ಮಾಡುವ ಮಾತು. ಒಳ್ಳೆಯದೇ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಈ ಬುದ್ಧಿಮಾತನ್ನು ಮೀನು ಒಣಗಿಸುವ ಮೊರಕ್ಕೂ ಅನ್ವಯಿಸುವುದು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೌತೆಕಾಯಿ ಹೋಳಿಗೆ ಉಪ್ಪು ಸವರಿದರೆ ನೀರು ಬಿಡುವುದನ್ನು ನೀವು ನೋಡಿದ್ದೀರಿ. ಬ್ಯಾಕ್ಟೀರಿಯಾಗಳಿಗೂ ಇದೇ ಗತಿ: ಒಳಗಿನ ನೀರು ಹೊರಕ್ಕೆ ಹರಿದು, ಕೋಶ ಸೊರಗುತ್ತದೆ. ಮೀನನ್ನು ಕೊಳೆಸುವ ಬಹುಪಾಲು ಜೀವಿಗಳು ಇಲ್ಲಿಗೇ ಸೋಲುತ್ತವೆ. ಮೊಸರಿನ ಹೆಪ್ಪಿನ ಬಳಗಕ್ಕೆ ಸೇರಿದ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಮಾತ್ರ ಬಲು ಜಾಣ. ಸುತ್ತಲಿನ ಆಹಾರದಿಂದ ಬೀಟೇನ್, ಕಾರ್ನಿಟೀನ್ ಮೊದಲಾದ ವಸ್ತುಗಳನ್ನು ಒಳಗೆಳೆದು ಕೂಡಿಟ್ಟುಕೊಳ್ಳುತ್ತವೆ. ಇವು ಕೋಶದ ಕೆಲಸ ಕೆಡಿಸದೆ ನೀರನ್ನು ಹಿಡಿದಿಡುತ್ತವೆ. ಜೊತೆಗೆ ಒಳನುಗ್ಗಿದ ಸೋಡಿಯಮ್ಮನ್ನು ಹೊರದಬ್ಬುತ್ತವೆ. ಕೋಶದ ಪೊರೆಯನ್ನೂ ಬದಲಿಸಿಕೊಳ್ಳುತ್ತವೆ. ಆಗ್ನೇಯ ಏಷ್ಯಾದ ಮೀನಿನ ಸಾಸ್‌ನಲ್ಲಿ ಬೆಳೆಯುವ ಟೆಟ್ರಾಜೆನೊಕಾಕಸ್ ಎಂಬುದು ಶೇಕಡಾ 20ರಷ್ಟು ಉಪ್ಪಿನಲ್ಲೂ ಬದುಕುತ್ತದೆ!

ಹಾಗಾದರೆ ಉಪ್ಪು ಕಡಿಮೆಯಾದರೂ ಈ ಮಿತ್ರರು ಮೀನನ್ನು ಕಾಯುತ್ತಾರಲ್ಲ ಎಂದು ನೀವು ಕೇಳಬಹುದು. ಕಾಯುವುದಿಲ್ಲ. ತರಕಾರಿಯಲ್ಲಿರುವ ಸಕ್ಕರೆಯನ್ನು ಇವು ಆಮ್ಲವಾಗಿಸುತ್ತವೆ, ಆ ಹುಳಿಯೇ ಕಾವಲು. ಮೀನಿನಲ್ಲಿ ಸಕ್ಕರೆ ತೀರಾ ಅತ್ಯಲ್ಪ. ಥಾಯ್ಲೆಂಡ್, ಫಿಲಿಪ್ಪೀನ್ಸ್‌ನವರು ಮೀನು ಹುಳಿಸುವಾಗ ಅಕ್ಕಿ ಅಥವಾ ಅನ್ನ ಬೆರೆಸುವುದು ಇದಕ್ಕೇ. ನಮ್ಮ ಒಣಮೀನಿಗೆ ಅಂಥ ಆಸರೆಯಿಲ್ಲ. ಉಪ್ಪೂ ಬಿಸಿಲೂ ಬಿಟ್ಟರೆ ಗತಿಯಿಲ್ಲ. ಅರೆ ಉಪ್ಪು, ಅರೆ ಬಿಸಿಲು ಕಂಡ ಮೀನಿಗೆ ಕೀಟಾಣುಗಳ ಕಾಟ ಸಾಲದೆಂಬಂತೆ ನೊಣದ ಮರಿಹುಳುಗಳೂ ಮುತ್ತುತ್ತವೆ.

ಬಂಗುಡೆ, ಬೂತಾಯಿಗಳಲ್ಲಿ ಇನ್ನೊಂದು ಅಪಾಯ ಉಂಟು. ಹಿಡಿದ ಮೀನು ಬೇಗ ತಂಪು ಕಾಣದಿದ್ದರೆ ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ಉತ್ಪಾದಿಸುತ್ತವೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತುರಿಕೆ, ತಲೆನೋವು. ಎಷ್ಟು ಕುದಿಸಿದರೂ ಇದು ನಾಶವಾಗದು. ಮೇಲೆ ಹೊಗಳಿದ ಟೆಟ್ರಾಜೆನೊಕಾಕಸ್‌ನ ಕೆಲವು ತಳಿಗಳೂ ಇದನ್ನು ತಯಾರಿಸುತ್ತವೆ. 'ಒಳ್ಳೆಯ ಬ್ಯಾಕ್ಟೀರಿಯಾ' ಎಂದು ಡಬ್ಬಿಗಳ ಮೇಲೆ ಕಾಣುವ ಮಾತನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಉಪ್ಪನ್ನು ಕಡಿಮೆ ಮಾಡಬೇಕಾದದ್ದು ಅಡುಗೆಮನೆಯಲ್ಲಿ. ಒಣಮೀನನ್ನು ನೆನೆಹಾಕಿ, ಆ ನೀರನ್ನು ಒಂದೆರಡು ಬಾರಿ ಚೆಲ್ಲಿ. ಸಾರಿಗೆ ಬೇರೆ ಉಪ್ಪು ಬೇಡ. ಹುಣಸೆಹುಳಿ ಸ್ವಲ್ಪ ಮುಂದಾಗಿರಲಿ, ಉಪ್ಪಿನ ಕೊರತೆ ನಾಲಿಗೆಗೆ ತಿಳಿಯದು. ಇಷ್ಟಾದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಒಣಮೀನನ್ನು ಅಪರೂಪಕ್ಕೆ, ವೈದ್ಯರನ್ನು ಕೇಳಿಯೇ ತಿನ್ನಬೇಕು.

ಸಂತೆಯಲ್ಲಿ ಕೊಳ್ಳುವಾಗ ಮೀನನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ, ಅಂಟಿದರೆ ಬಿಟ್ಟುಬಿಡಿ. ಮೇಲೆ ಗುಲಾಬಿ ಬಣ್ಣದ ಲೋಳೆ ಕಂಡರೆ ಅದು ಉಪ್ಪಿನಲ್ಲೇ ಬೆಳೆಯುವ ಜೀವಿಗಳ ಗುರುತು. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.