ಕಡಲಚಿತ್ರಗಳ ಪ್ರಾಮಾಣ್ಯವೆಷ್ಟು?

ನಮ್ಮ ಇತಿಹಾಸಗ್ರಂಥಗಳಲ್ಲಿ ಒಂದು ದುಷ್ಪದ್ಧತಿಯು ಬೇರೂರಿರುತ್ತದೆ. ಗೋವೆ, ಹೊನ್ನಾವರ, ಬಸರೂರುಗಳ ಪ್ರಸ್ತಾಪ ಬಂದೊಡನೆ ಯಾವುದೋ ಹಳೆಯ ಯುರೋಪೀಯ ಹಡಗುಚಿತ್ರವನ್ನು ಅಚ್ಚುಹಾಕಿ, ಕೆಳಗೆ ‘ಅಂದಿನ ಬಂದರು’ ಎಂದು ಬರೆದು ಕೈತೊಳೆದುಕೊಳ್ಳುವರು. ಬರೆದವನಾರು? ಕೆತ್ತಿದವನಾರು? ಯಾವ ವರ್ಷದ್ದು? ಒಂದಕ್ಕೂ ಉತ್ತರವಿಲ್ಲ. ಲೋಕಾಪುರದಂಥ ಒಳನಾಡಿನಲ್ಲಿ ಕಡಲನ್ನೇ ಕಾಣದ ಮಕ್ಕಳು ಅದನ್ನೇ ಪ್ರತ್ಯಕ್ಷವೆಂದು ನಂಬುತ್ತಾರೆ. ಈ ಲೇಖಕನೂ ಶಿಕ್ಷಕನಾಗಿದ್ದಾಗ ಅಂಥದೊಂದು ಚಿತ್ರವನ್ನು ತೋರಿಸಿ ಪಾಠ ಹೇಳಿದ್ದುಂಟು. ಆ ತಪ್ಪಿನ ಪರಿಹಾರಾರ್ಥವಾಗಿಯೇ ಈ ಬರಹ.

ವಾಚಕರು ಮೊದಲು ಈ ಕಲೆಯ ರೀತಿಯನ್ನರಿಯಬೇಕು. ತಾಮ್ರದ ತಗಡಿಗೆ ಮೇಣ-ರಾಳಗಳ ಲೇಪವನ್ನು ಬಳಿದು, ಸೂಜಿಯಿಂದ ಗೆರೆ ಕೊರೆದು, ಆಮ್ಲದಲ್ಲಿ ಅದ್ದಿದರೆ ಗೆರೆಯಿದ್ದಲ್ಲಿ ಮಾತ್ರ ತಾಮ್ರವು ಸವೆಯುವುದು. ಆ ತಗ್ಗುಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರಸಿ, ಒದ್ದೆಗಾಗದವನ್ನಿಟ್ಟು ಒತ್ತಿದರೆ ಚಿತ್ರ ಮೂಡುವುದು. ಆದರೆ ಎಡಬಲ ಮಗುಚಿ ಮೂಡುವುದು! ಕೆತ್ತುವವನು ಮೂಲವನ್ನು ಮೊದಲೇ ತಿರುವಿಕೊಳ್ಳದಿದ್ದರೆ ಎಡಗಡೆಯ ಕಡಲು ಬಲಕ್ಕೆ ಹೋಗುವುದು.

ಇನ್ನು ಸಾಕ್ಷಿಗಳ ವಿಚಾರ. ಲಿನ್‌ಸ್ಕೋಟನ್ ಎಂಬ ಡಚ್ಚನು 1583ರಲ್ಲಿ ಗೋವೆಗೆ ಬಂದು ಐದು ವರ್ಷಗಳಿಗೂ ಮಿಕ್ಕಿ ಅಲ್ಲಿದ್ದನು. 1596ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಗೋವೆ-ಕೊಚ್ಚಿಗಳ ದೋಣಿಗಳ ಚಿತ್ರಗಳಿವೆ. ಕಂಡವನು ಅವನು, ತಗಡಿನ ಮೇಲೆ ಮೂಡಿಸಿದವರು ಹಾಲೆಂಡಿನಲ್ಲಿದ್ದ ದೋಟೆಕುಮ್ ಮನೆತನದವರು. 1672ರಲ್ಲಿ ಸಚಿತ್ರವಾಗಿ ಏಷ್ಯಾಖಂಡವನ್ನು ವರ್ಣಿಸಿದ ಡಾಪ್ಪರನಾದರೋ ಭಾರತಕ್ಕೆ ಬಂದವನೇ ಅಲ್ಲ! ಇವರಿಬ್ಬರ ಪುಟಗಳಿಗೂ ಸಮಾನ ಬೆಲೆಯೆ? ನ್ಯಾಯಶಾಸ್ತ್ರವು ಆಪ್ತನ ಮಾತನ್ನು ಮಾತ್ರ ಶಬ್ದಪ್ರಮಾಣವೆಂದು ಒಪ್ಪುತ್ತದೆ. ಮುದ್ರಾಚಿತ್ರವು ಪ್ರತ್ಯಕ್ಷವಲ್ಲ, ಅದೂ ಒಬ್ಬನ ಮಾತು. ಆದುದರಿಂದ ಆಪ್ತತೆಯ ಪರೀಕ್ಷೆ ಅಗತ್ಯ.

“ಬೇರೆ ಚಿತ್ರಗಳಿಲ್ಲವಲ್ಲ, ಮಾಡುವುದೇನು?” ಎಂದು ಪೂರ್ವಪಕ್ಷಿಗಳು ಕೇಳಬಹುದು. ಇಲ್ಲವೆಂದವರಾರು? ಹಳೆಯ ಗೋವೆಯ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ಹಡಗುಕಾಳಗದ ವೀರಗಲ್ಲಿದೆ. ಮುಂಬಯಿಯ ಬೋರಿವಲಿಯ ಬಳಿಯ ಎಕ್ಸಾರದ ವೀರಗಲ್ಲುಗಳಲ್ಲಿಯೂ ನೌಕಾಯುದ್ಧವಿದೆ. ಇವು ಡಚ್ಚರಿಗಿಂತ ಶತಮಾನಗಳಷ್ಟು ಹಿಂದಿನವು. ಇವುಗಳಲ್ಲಿಯೂ ಶಿಲ್ಪಿಯ ಕಲ್ಪನೆಯುಂಟು. ಆದುದರಿಂದ ಒಂದರ ಬದಲು ಇನ್ನೊಂದನ್ನಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಕಡಲ ಕಥೆಗೆ ಪರದೇಶದ ತಾಮ್ರವೊಂದೇ ಸಾಕ್ಷಿಯೆಂಬ ಭ್ರಮೆಯು ತೊಲಗಬೇಕು.

ಆ ಮುದ್ರಾಚಿತ್ರಗಳನ್ನು ಎಸೆಯಿರೆಂಬುದು ನಮ್ಮ ವಾದವಲ್ಲ. ಅವುಗಳ ಗೆರೆಯ ಕುಶಲತೆಗೆ ನಾವೂ ತಲೆದೂಗುವೆವು. ನಾವು ಬೇಡುವುದು ಎರಡೇ ಸಾಲು: ಬರೆದವನು, ಕೆತ್ತಿದವನು, ವರ್ಷ, ಅವನು ಆ ಬಂದರನ್ನು ಕಂಡಿದ್ದನೋ ಇಲ್ಲವೋ. ಇಷ್ಟನ್ನು ಬರೆಯಲಾರದ ಗ್ರಂಥಕರ್ತರು ಆ ಜಾಗವನ್ನು ಖಾಲಿ ಬಿಡಲಿ. ಖಾಲಿ ಪುಟವು ಮಕ್ಕಳಿಗೆ ಸುಳ್ಳು ಕಲಿಸುವುದಿಲ್ಲ.